ಪ್ಯಾಡ್ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಬೇಡ

ಪ್ರಶ್ನೆ: ಬೆಳಿಗ್ಗೆ ಒಂದು ಗಂಟೆ ಸೈಕಲ್ ತುಳಿದು, ಇಳಿದ ತಕ್ಷಣ ಅರ್ಧ ಗಂಟೆ ಓಡುತ್ತೇನೆ. ಎರಡಕ್ಕೂ ಒಂದೇ ಬಟ್ಟೆ ಸಾಕಾ? ಪ್ಯಾಡ್ ಇರುವ ಸೈಕಲ್ ಚಡ್ಡಿಯಲ್ಲೇ ಓಡಿದರೆ ತೊಡೆಸಂದು ಕಿತ್ತು ಬರುತ್ತಿದೆ.

ಉತ್ತರ: ಮೇಲಿನ ಬಟ್ಟೆ ಎರಡಕ್ಕೂ ಒಂದೇ ಸಾಕು. ತಕರಾರು ಇರುವುದೆಲ್ಲ ಕೆಳಗಿನದರಲ್ಲಿ.

ಮೊದಲು ಒಂದು ಮಾತು ಹೇಳಿ, ಪ್ಯಾಡ್ ಚಡ್ಡಿಯ ಒಳಗೆ ಮಾಮೂಲಿ ಒಳಚಡ್ಡಿ ಹಾಕಿಕೊಳ್ಳುತ್ತೀರಾ? ತೊಡೆ ಉರಿ ಅಂತ ನನ್ನ ಹತ್ತಿರ ಬರುವ ಹೆಚ್ಚಿನವರು ಹಾಕಿಕೊಂಡೇ ಬರುತ್ತಾರೆ. ಕೇಳಿದರೆ 'ಹಾಕದೇ ಹೇಗೆ ಸಾರ್' ಅಂತಾರೆ. ಆ ಚಡ್ಡಿ ಬರಿಮೈಗೆ ಹಾಕಲೆಂದೇ ಹೊಲಿದದ್ದು. ಪ್ಯಾಡಿನ ಮೇಲ್ಮೈಯಲ್ಲಿ ಹೊಲಿಗೆ ಬರದ ಹಾಗೆ ಅಷ್ಟು ಕಷ್ಟಪಟ್ಟು ಮಾಡಿರುತ್ತಾರೆ, ನೀವು ಅದರ ಮೇಲೆ ನಾಲ್ಕು ಹೊಲಿಗೆ ಇರುವ ಹತ್ತಿ ಬಟ್ಟೆ ತಂದು ಇಟ್ಟರೆ ಅದು ಬೆವರು ಕುಡಿದು, ಮುದುಡಿ, ನಿಮ್ಮ ತೂಕದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಒಬ್ಬರಿಗೆ ಒಳಚಡ್ಡಿಯ ಅಂಚು ಎಲ್ಲಿತ್ತೋ ಅಲ್ಲೇ ಬೆರಳುದ್ದ ಕೆಂಪು ಗೆರೆ, ಗೆರೆಯ ಮೇಲೆ ಸಾಲಾಗಿ ಸಣ್ಣ ಗುಳ್ಳೆ ಎದ್ದಿತ್ತು. ಅವರು ಸೀಟು ಬದಲಿಸಲು ಹೊರಟಿದ್ದರು! ಒಳಚಡ್ಡಿ ಬಿಟ್ಟರು, ಗುಳ್ಳೆ ಮತ್ತೆ ಬರಲಿಲ್ಲ.

ಈಗ ಓಟಕ್ಕೆ ಬನ್ನಿ. ಸೈಕಲ್ ಮೇಲೆ ನಿಮ್ಮ ಭಾರ ಕೂರುವ ಎರಡು ಮೂಳೆಗಳ ಮೇಲೆ ಇರುತ್ತದೆ, ಪ್ಯಾಡ್ ಇರುವುದು ಅದಕ್ಕೆ. ಓಡುವಾಗ ಆ ಕೆಲಸವೇ ಇಲ್ಲ. ತೊಡೆಗಳು ಒಂದನ್ನೊಂದು ದಾಟುತ್ತಾ ಹೋಗುತ್ತವೆ, ನಡುವೆ ಇರುವ ದಪ್ಪ ಪ್ಯಾಡ್ ಮಡಚಿ ಉಜ್ಜುತ್ತದೆ. ನಿಮಿಷಕ್ಕೆ 160 ಹೆಜ್ಜೆ ಅಂತ ಇಟ್ಟುಕೊಂಡರೂ ಅರ್ಧ ಗಂಟೆಗೆ 4,800 ಹೆಜ್ಜೆ. ಅದೂ ಒಂದು ಗಂಟೆ ಬೆವರು ಕುಡಿದು ಭಾರವಾದ ಪ್ಯಾಡ್. ಚರ್ಮ ಕಿತ್ತು ಬರದೆ ಇನ್ನೇನಾಗುತ್ತದೆ?

ನಿಮ್ಮ ಲೆಕ್ಕಕ್ಕೆ, ಅಂದರೆ ಒಂದು ಗಂಟೆ ಸೈಕಲ್, ಅರ್ಧ ಗಂಟೆ ಓಟಕ್ಕೆ, ಟ್ರಯಥ್ಲಾನ್‌ನವರು ಹಾಕುವ ಚಡ್ಡಿ ತಗೊಳ್ಳಿ. ಅದರಲ್ಲೇ ಈಜಿ, ಅದರಲ್ಲೇ ಸೈಕಲ್ ತುಳಿದು, ಅದರಲ್ಲೇ ಓಡಬೇಕಾಗುವುದರಿಂದ ಪ್ಯಾಡ್ ತೆಳ್ಳಗಿರುತ್ತದೆ, ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಬೇಗ ಒಣಗುತ್ತದೆ. ಇದನ್ನೂ ಬರಿಮೈಗೇ ಹಾಕಬೇಕು. ಮೂರು ನಾಲ್ಕು ಗಂಟೆ ಸೈಕಲ್ ತುಳಿಯುವ ದಿನ ಮಾತ್ರ ಇದು ಸಾಲದು, ಆವತ್ತು ಸೈಕಲ್ ಚಡ್ಡಿಯನ್ನೇ ಹಾಕಿ, ಓಡುವ ಮೊದಲು ಬದಲಿಸಿ. ಎರಡು ನಿಮಿಷದ ಕೆಲಸ, ಅದಕ್ಕೆ ಸೋಮಾರಿತನ ಬೇಡ.

ಅಂಗಡಿಯಲ್ಲಿ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿಕೊಂಡರೆ ಏನೂ ಗೊತ್ತಾಗುವುದಿಲ್ಲ. ಚಡ್ಡಿಯನ್ನು ಒಳಹೊರಗು ಮಾಡಿ, ಮಣಿಕಟ್ಟಿನ ಒಳಭಾಗವನ್ನು ಹೊಲಿಗೆಯ ಉದ್ದಕ್ಕೂ ಎಳೆಯಿರಿ. ಅಲ್ಲಿನ ಚರ್ಮ ತೆಳು, ಚುಚ್ಚುವ ಹೊಲಿಗೆ ತಕ್ಷಣ ತಿಳಿಯುತ್ತದೆ. ಆಮೇಲೆ ಹಾಕಿಕೊಂಡು ಹ್ಯಾಂಡಲ್ ಹಿಡಿದವರ ಹಾಗೆ ಮುಂದೆ ಬಾಗಿ, ನಿಂತಲ್ಲೇ ಮೊಣಕಾಲು ಎತ್ತಿ ಎತ್ತಿ ಓಡಿ. ಪ್ಯಾಡ್ ಮೈಗೆ ಅಂಟಿದ ಹಾಗೆ ಇರಬೇಕು. ಜರುಗಿದರೆ, ತೊಡೆಯ ಅಂಚಿನ ಎಲಾಸ್ಟಿಕ್ ಮೇಲಕ್ಕೆ ಸುತ್ತಿಕೊಂಡರೆ, ಬೇರೆ ಅಳತೆ ನೋಡಿ. ಹೆಂಗಸರಿಗೆ ಪ್ಯಾಡಿನ ಆಕಾರವೇ ಬೇರೆ, ಗಂಡಸರದ್ದನ್ನೇ ಚಿಕ್ಕ ಅಳತೆಯಲ್ಲಿ ತಗೊಂಡು ಸಹಿಸಿಕೊಳ್ಳಬೇಡಿ.

ಉಜ್ಜುವ ಕಡೆ ಮೊದಲೇ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಪೌಡರ್ ಬೇಡ, ಬೆವರಿಗೆ ಗಂಟುಕಟ್ಟಿ ಅದೇ ಉಜ್ಜುತ್ತದೆ. ಮುಗಿದ ಕೂಡಲೇ ಚಡ್ಡಿ ಬಿಚ್ಚಿ, ತೊಳೆಯಿರಿ. ಒದ್ದೆ ಪ್ಯಾಡಿನಲ್ಲೇ ಕೂತು ತಿಂಡಿ ತಿಂದು ಫೋನ್ ನೋಡುತ್ತಾ ಒಂದು ಗಂಟೆ ಕಳೆಯುತ್ತೀರಲ್ಲ, ಕೂದಲ ಬುಡಕ್ಕೆ ಸೋಂಕು ಹತ್ತುವುದು ಆಗಲೇ. ಕುರು ಎದ್ದರೆ ಹಿಸುಕಬೇಡಿ, ಸೈಕಲ್ ನಿಲ್ಲಿಸಿ. ನೋವು ಹೆಚ್ಚಾದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಯಾರೋ ಹೇಳಿದರು ಅಂತ ಟೂತ್‌ಪೇಸ್ಟ್ ಮೆತ್ತಿಕೊಂಡು ಬಂದವರನ್ನು ನೋಡಿದ್ದೇನೆ, ಗಾಯದ ಜೊತೆ ಸುತ್ತಲಿನ ಚರ್ಮವೂ ಉರಿಯುತ್ತಿತ್ತು.

ಮೇಲಿನ ಬಟ್ಟೆಗೆ ಇಷ್ಟೇ: ಹತ್ತಿ ಬೇಡ, ತೆಳು ಪಾಲಿಯೆಸ್ಟರ್, ಮುಂದೆ ಜಿಪ್ ಇರಲಿ. ಸೈಕಲ್ ಮೇಲೆ 25 ಕಿಲೋಮೀಟರ್ ವೇಗದಲ್ಲಿ ಎದೆಗೆ ಹೊಡೆಯುವ ಗಾಳಿ, ಇಳಿದು 10ರ ವೇಗದಲ್ಲಿ ಓಡುವಾಗ ಇರುವುದಿಲ್ಲ. ಐದೇ ನಿಮಿಷಕ್ಕೆ ಮೈ ಕಾಯುತ್ತದೆ, ಆಗ ಜಿಪ್ ಇಳಿಸಿ. ಬೆನ್ನಿನ ಜೇಬಿನಲ್ಲಿರುವ ಫೋನ್, ಪಂಪು ಓಡುವ ಮೊದಲು ತೆಗೆದಿಡಿ, ಕುಣಿಯುತ್ತವೆ.

ಪ್ರಶ್ನೆ: ಬೆವರಿಳಿಸುವ ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡಿದರೆ ಬೊಜ್ಜು ಬೇಗ ಕರಗುತ್ತಾ?

ಉತ್ತರ: ಇಲ್ಲ. ಇಳಿಯುವುದು ನೀರು, ಎರಡು ಲೋಟ ಕುಡಿದರೆ ವಾಪಸ್. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ, ಬಿಸಿಲಾಘಾತಕ್ಕೆ ಜೀವ ಹೋಗಬಹುದು. ಇದನ್ನು ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಪ್ರಶ್ನೆ: ದುಬಾರಿ ಜೆಲ್ ಪ್ಯಾಡ್ ಹಾಕಿದರೂ ಜೋಮು ಹಿಡಿಯುತ್ತದೆ. ಇನ್ನೂ ದಪ್ಪದ್ದು ತಗೊಳ್ಳಲಾ?

ಉತ್ತರ: ಬೇಡ. ಸೀಟಿನ ಎತ್ತರ, ಓರೆ, ಅಗಲ ಸರಿಮಾಡಿಸಿ.

ಪ್ರಶ್ನೆ: ಸೈಕಲ್ ಶೂನಲ್ಲೇ ಓಡಬಹುದಾ?

ಉತ್ತರ: ಖಂಡಿತ ಬೇಡ. ಅಡಿಭಾಗ ಹಲಗೆಯಷ್ಟು ಗಟ್ಟಿ.

ಪ್ರಶ್ನೆ: ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿ ಒಗೆಯಬಹುದಾ?

ಉತ್ತರ: ಹಾಕಬೇಡಿ, ಎಳೆಗಳ ಮೇಲೆ ಪದರ ಕೂತು ಬಟ್ಟೆ ಬೆವರು ಎಳೆಯುವುದನ್ನೇ ಬಿಡುತ್ತದೆ.

ಪ್ರಶ್ನೆ: ಕತ್ತಲಲ್ಲಿ ಹೊರಡುತ್ತೇನೆ, ಕಣ್ಣಿಗೆ ರಾಚುವ ಹಳದಿ ಟೀ ಶರ್ಟ್ ಸಾಕಲ್ವಾ?

ಉತ್ತರ: ಸಾಲದು. ಆ ಹಳದಿ ಹೊಳೆಯುವುದು ಹಗಲಿನ ಬೆಳಕಿಗೆ. ಕತ್ತಲಲ್ಲಿ ಬೇಕಾದ್ದು ಹೆಡ್‌ಲೈಟ್ ಬೆಳಕನ್ನು ತಿರುಗಿಸಿ ಕಳಿಸುವ ಪಟ್ಟಿ, ಅದನ್ನು ಎರಡೂ ಪಾದದ ಗಂಟಿನ ಮೇಲೆ ಕಟ್ಟಿ. ಮೇಲೆ ಕೆಳಗೆ ಆಡುವ ಪಟ್ಟಿ ಕಂಡರೆ ಮುಂದೆ ಇರುವುದು ಮನುಷ್ಯ ಅಂತ ಡ್ರೈವರ್‌ಗೆ ಬೇಗ ಗೊತ್ತಾಗುತ್ತದೆ. ಪ್ಯಾಂಟಿನ ತುದಿ ಚೈನಿಗೆ ಸಿಗದ ಹಾಗೆಯೂ ಅದೇ ಪಟ್ಟಿ ಹಿಡಿಯುತ್ತದೆ. ಸೈಕಲ್‌ಗೆ ಲೈಟು ಹೇಗೂ ಇರಲೇಬೇಕು.