ಹತ್ತನೇ ಕ್ಲಾಸ್ ಮಗ ದಿನಾ ಓದ್ತಾನೆ, ಪರೀಕ್ಷೇಲಿ ಮಾತ್ರ ಏನೂ ನೆನಪಿಗೆ ಬರಲ್ಲ ಅಂತಾನೆ. ಏನ್ ಮಾಡೋದು?

ಅವ್ನು ದಡ್ಡ ಅಲ್ಲ ಅಂತ ಮೊದ್ಲು ನೀವು ನಂಬಿ. ಬಹಳಷ್ಟು ಮಕ್ಳು ಒಂದೇ ಪಾಠನ ನಾಲ್ಕೈದ್ ಸಲ ಓದಿ, ಗೆರೆ ಎಳೆದು, ಎಲ್ಲಾ ಗೊತ್ತು ಅನ್ಕೊಂಡು ಮಲಗ್ತಾರೆ, ಆದ್ರೆ ಕಣ್ಣಿಗೆ ಪರಿಚಯ ಆಗೋದೇ ಬೇರೆ, ಪುಸ್ತಕ ಮುಚ್ಚಿದ್ಮೇಲೆ ಬರೆಯಕ್ಕೆ ಬರೋದೇ ಬೇರೆ. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕಿ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನ ಪ್ರಯೋಗ ಮಾಡಿ ನೋಡಿದ್ರು. ಐದ್ ನಿಮಿಷಕ್ಕೆ ಕೇಳಿದಾಗ ಮತ್ತೆ ಮತ್ತೆ ಓದಿದೋರು ಮುಂದಿದ್ರು, ಒಂದ್ ವಾರ ಬಿಟ್ಟು ಕೇಳಿದಾಗ ನೋಡ್ದೆ ನೆನಪಿಸ್ಕೊಂಡು ಬರೆದಿದ್ದೋರಿಗೇ ಜಾಸ್ತಿ ನೆನಪಿತ್ತು.

ಹಾಗಾಗಿ ಎರಡು ಪುಟ ಓದಿಸಿ ಪುಸ್ತಕ ಮುಚ್ಚಿಸಿ. ಹೃದಯದ ಚಿತ್ರ ಬರೆದು ರಕ್ತ ಎಲ್ಲಿಂದ ಎಲ್ಲಿಗೆ ಹೋಗತ್ತೆ ಅಂತ ಅವ್ನೇ ಹೇಳ್ಲಿ. ತಡವರಿಸಿದ್ರೆ ದಯವಿಟ್ಟು ಬೈಬೇಡಿ, ಆ ತಡವರಿಸೋ ಹೊತ್ತಲ್ಲೇ ಕಲಿಯೋದು, ತಪ್ಪಿದ್ದನ್ನ ಪುಸ್ತಕ ತೆಗೆದು ತಾನೇ ತಿದ್ಕೊಳ್ಲಿ. ಅದೇ ಪ್ರಶ್ನೆ ನಾಳೆ ಕೇಳಿ, ಮೂರ್ ದಿನ ಬಿಟ್ಟು ಕೇಳಿ, ವಾರ ಬಿಟ್ಟು ಇನ್ನೊಂದ್ಸಲ. ಗಣಿತದಲ್ಲಿ ಗೈಡ್ ನೋಡ್ಕೊಂಡು ಲೆಕ್ಕ ಇಳಿಸೋದು ನಿಲ್ಲಿಸಿ, ಬೇರೆ ಬೇರೆ ಅಧ್ಯಾಯದ ಲೆಕ್ಕ ಬೆರೆಸಿ ಕೊಟ್ರೆ ಯಾವ ಸೂತ್ರ ಹಾಕ್ಬೇಕು ಅಂತ ಯೋಚ್ನೆ ಮಾಡ್ಲೇಬೇಕಾಗತ್ತೆ. ಎಂಟನೇ ಕ್ಲಾಸಿನ ಬೀಜಗಣಿತನೇ ಬರ್ತಿಲ್ಲ ಅಂದ್ರೆ ನಾಚ್ಕೋಬೇಡಿ, ಅಲ್ಲಿಂದ್ಲೇ ಶುರು ಮಾಡ್ಸಿ.

ಮೊಬೈಲ್ ಬೇರೆ ರೂಮಲ್ಲಿರ್ಲಿ, ನಿದ್ದೆ ಕೆಡಿಸ್ಬೇಡಿ. ಅಕ್ಷರ ಕೂಡಿಸಿ ಓದಕ್ಕೇ ಕಷ್ಟ ಪಡ್ತಿದ್ರೆ ಮಾತ್ರ ಡಿಸ್ಲೆಕ್ಸಿಯಾ ಅನ್ನೋ ಓದಿನ ತೊಂದರೆ ಇದ್ಯಾ ಅಂತ ಡಾಕ್ಟರಿಗೆ ತೋರಿಸಿ, ಬೆಂಗಳೂರಲ್ಲಾದ್ರೆ ನಿಮ್ಹಾನ್ಸ್‌ನಲ್ಲಿ ನೋಡ್ತಾರೆ.