ಸಾಕೆಟ್‌ಗೆ ಕೂತರೆ ಸಾಲದು, ಬಯಾಸ್ ಹೊಂದಬೇಕು

ಪ್ರಶ್ನೆ: ನನ್ನ ವಾಲ್ವ್ (ಗಾಜಿನ ಟ್ಯೂಬ್) ಆಂಪ್ಲಿಫೈಯರ್‌ನಲ್ಲಿ ನಾಲ್ಕು ಇಎಲ್34 ಪವರ್ ವಾಲ್ವ್ ಇವೆ. ಅವನ್ನು ತೆಗೆದು ಅದಕ್ಕಿಂತ ದೊಡ್ಡ ಕೆಟಿ88 ವಾಲ್ವ್ ಹಾಕಿದರೆ ಪವರ್ ಜಾಸ್ತಿ ಆಗುತ್ತಾ? ಅಂಗಡಿಯವರು ‘ಎರಡಕ್ಕೂ ಸಾಕೆಟ್ ಒಂದೇ, ಸುಮ್ನೆ ಹಾಕಿ’ ಅಂದರು.

ಉತ್ತರ: ಸುಮ್ನೆ ಹಾಕಬೇಡಿ. ಈ ಸಲಹೆ ಕೇಳಿ ಕೇಳಿ ನನಗೆ ರೋಸಿಹೋಗಿದೆ. ಎಷ್ಟು ವಾಟ್ ಬರುತ್ತದೆ ಅನ್ನೋದು ಪವರ್ ಸಪ್ಲೈ ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲೆ ನಿಂತಿದೆ. ಅವು ಹಳೆಯವೇ ಇದ್ದರೆ ಕೆಟಿ88 ಹಾಕಿದರೂ ಹೆಚ್ಚುಕಮ್ಮಿ ಅಷ್ಟೇ ಪವರ್. ಹೊರೆ ಮಾತ್ರ ಜಾಸ್ತಿ. ಇಎಲ್34 ಹೀಟರ್‌ಗೆ (ವಾಲ್ವ್ ಒಳಗೆ ಬಿಸಿಯಾಗುವ ತಂತಿ) 1.5 ಆಂಪಿಯರ್, ಕೆಟಿ88ಗೆ 1.6. ನಾಲ್ಕೂ ಸೇರಿ 0.4 ಆಂಪಿಯರ್ ಹೆಚ್ಚಾಯಿತು, ಟ್ರಾನ್ಸ್‌ಫಾರ್ಮರ್ ಮೊದಲೇ ಬಿಸಿಯಾಗುತ್ತಿದ್ದರೆ ಇದೂ ಲೆಕ್ಕಕ್ಕೆ ಬರುತ್ತದೆ.

ನಿಜವಾದ ತೊಂದರೆ ಬಯಾಸ್‌ದು, ಅಂದರೆ ವಾಲ್ವ್‌ನ ಕರೆಂಟನ್ನು ಹತೋಟಿಯಲ್ಲಿಡಲು ಅದರ ಗ್ರಿಡ್‌ಗೆ ಕೊಡುವ ಮೈನಸ್ ವೋಲ್ಟೇಜ್‌ದು. ಒಂದು ಇಎಲ್34 ಗ್ರಿಡ್‌ಗೆ ಮೈನಸ್ 36 ವೋಲ್ಟ್ ಸಾಕಾಗುವ ಕಡೆ ಕೆಟಿ88ಗೆ ಮೈನಸ್ 50ರ ಆಸುಪಾಸು ಬೇಕು. ನಿಮ್ಮ ಬಯಾಸ್ ಪಾಟ್ (ಬಯಾಸ್ ಹೊಂದಿಸುವ ತಿರುಪು) ಅಲ್ಲಿವರೆಗೆ ಹೋಗದಿದ್ದರೆ ಕರೆಂಟ್ ಹತೋಟಿ ತಪ್ಪುತ್ತದೆ. ಉಲ್ಟಾ ಮಾಡಿದರೆ ಇನ್ನೂ ಕೆಟ್ಟದ್ದು. ಕೆಟಿ88ಗೆಂದು 550 ವೋಲ್ಟ್, 60 ಮಿಲಿಆಂಪಿಯರ್ ಇಟ್ಟ ಆಂಪ್‌ಗೆ ಇಎಲ್34 ಹಾಕಿ, ಬಯಾಸನ್ನು ಮತ್ತೆ ಅದೇ 60ಕ್ಕೆ ಹೊಂದಿಸುತ್ತಾರೆ. 550 ವೋಲ್ಟ್‌ನಲ್ಲಿ ಆ 60 ಮಿಲಿಆಂಪಿಯರ್ ಅಂದರೆ 33 ವಾಟ್. ಇಎಲ್34 ಪ್ಲೇಟ್ (ಎಲೆಕ್ಟ್ರಾನ್ ಬಂದು ಬೀಳುವ ಲೋಹದ ತಗಡು) ತಡೆಯೋದು 25 ವಾಟ್ ಅಷ್ಟೇ.

ವಾಲ್ವ್ ಬದಲಿಸುವ ಮುಂಚೆ ಅಳೆಯಿರಿ. ಕ್ಯಾಥೋಡ್‌ನಲ್ಲಿ (ಎಲೆಕ್ಟ್ರಾನ್ ಹೊರಡುವ ಭಾಗ) 1 ಓಮ್ ರೆಸಿಸ್ಟರ್ ಇದ್ದರೆ ಅದರ ಮೇಲಿನ ಮಿಲಿವೋಲ್ಟೇ ಮಿಲಿಆಂಪಿಯರ್. ಪ್ಲೇಟ್‌ಗೆ 450 ವೋಲ್ಟ್ ಇದ್ದರೆ ಇಎಲ್34ಗೆ 39 ಮಿಲಿಆಂಪಿಯರ್ ಸಾಕು, ಅದು 25 ವಾಟ್‌ನ 70 ಶೇಕಡಾ. ಅದಕ್ಕಿಂತ ಮೇಲೆ ಹೋಗಲು ನಾನು ಹೇಳುವುದಿಲ್ಲ, ಬೇರೆಯವರು ಹೇಳಿದರೂ ಕೇಳಬೇಡಿ. ಆಮೇಲೆ ರೂಮಿನ ದೀಪ ಆರಿಸಿ ವಾಲ್ವ್ ನೋಡಿ. ಒಳಗೆ ಹೀಟರ್ ಕಿತ್ತಳೆ ಬಣ್ಣದಲ್ಲಿ ಉರಿಯೋದು ಸರಿ. ಹೊರಗಿನ ಬೂದು ಪ್ಲೇಟ್‌ನ ಪಕ್ಕದಲ್ಲಿ ಮಂಕು ಕೆಂಪು ಮಚ್ಚೆ ಕಂಡರೆ ತಕ್ಷಣ ಆಫ್ ಮಾಡಿ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಅಭ್ಯಾಸ ಇಲ್ಲದವರು ಚಾಸಿಸ್ ಬಿಚ್ಚಲೇಬೇಡಿ, ತಿಳಿದವರ ಹತ್ತಿರ ಕೊಡಿ.

ಗೋಡೆಯ ಕರೆಂಟನ್ನೂ ನೋಡಿ. ಆಂಪ್ 220 ವೋಲ್ಟ್‌ನದಾಗಿ ಮನೆಗೆ 245 ಬರುತ್ತಿದ್ದರೆ 6.3 ವೋಲ್ಟ್ ಹೀಟರ್‌ಗೆ 7 ವೋಲ್ಟ್ ಸಿಗುತ್ತದೆ. ‘ವಾಲ್ವ್ ಬೇಗ ಹೋಗ್ತವೆ, ಬ್ರ್ಯಾಂಡ್ ಸರಿಯಿಲ್ಲ’ ಅನ್ನುವ ಎಷ್ಟೋ ದೂರುಗಳ ಮೂಲ ಇದೇ.

ಪ್ರಶ್ನೆ: ಹೊಸ ಮುಲ್ಲಾರ್ಡ್ ಬ್ರ್ಯಾಂಡಿನ ವಾಲ್ವ್ ಹಳೇದರಂತೆಯೇ ಅಲ್ವಾ?

ಉತ್ತರ: ಅಲ್ಲ. ಹಳೇದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದು. ಈಗ ಆ ಹೆಸರಿನಲ್ಲಿ ಬರುವುದು ರಷ್ಯಾದ ಸರಾಟೋವ್‌ನದು. ಕೆಟ್ಟದ್ದಲ್ಲ, ಆದರೆ ಹಳೇದರ ಬೆಲೆ ಕೊಡಬೇಡಿ.

ಪ್ರಶ್ನೆ: ಬರಿಗೈಯಲ್ಲಿ ಮುಟ್ಟಿದರೆ ಗಾಜು ಸಿಡಿಯುತ್ತಾ?

ಉತ್ತರ: ಇಲ್ಲ. ಅದು ಹ್ಯಾಲೊಜನ್ ಬಲ್ಬಿನ ಮಾತು.

ಪ್ರಶ್ನೆ: ವಾಲ್ವನ್ನು ಅತಿಶೀತದಲ್ಲಿಟ್ಟು ‘ಕ್ರಯೋ’ ಮಾಡಿಸಲಾ?

ಉತ್ತರ: ಬೇಡ. ಆ ದುಡ್ಡಿಗೆ ಒಳ್ಳೆ ಮಲ್ಟಿಮೀಟರ್ ತಗೊಳ್ಳಿ.

ಪ್ರಶ್ನೆ: ಹಳೇ ಮೈಕ್‌ಸೆಟ್‌ನಲ್ಲಿದ್ದ ಬಿಇಎಲ್ ಕಂಪನಿಯ ಇಸಿಸಿ83 ವಾಲ್ವ್ ಬಳಸಬಹುದಾ?

ಉತ್ತರ: ಧಾರಾಳವಾಗಿ. ಬೆಂಗಳೂರಿನ ಬಿಇಎಲ್ 1961ರಲ್ಲಿ ವಾಲ್ವ್ ಮಾಡಲು ಶುರು ಮಾಡಿತು, ಒಳ್ಳೆ ಮಾಲು. ಗಾಜಿನ ತುದಿಯ ಬೆಳ್ಳಿ ಬಣ್ಣದ ಲೇಪ ಬಿಳಿ ಪುಡಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಎಸೆಯಿರಿ. ಲೇಪ ಹೊಳೆಯುತ್ತಿದ್ದರೆ ಟೆಸ್ಟರ್‌ನಲ್ಲಿ ನೋಡಿಸಿ ಹಾಕಿ.