ವಿಜ್ಲಾ ಸರಿಯೋ ಪಾಯಿಂಟರ್ ಸರಿಯೋ: ಹ್ಯಾನೋವರ್‌ಗೆ ಹೊರಟವರಿಗೆ ಉತ್ತರ

ಆತ್ಮೀಯರೇ,

ಸೆಪ್ಟೆಂಬರಿನಲ್ಲಿ ಜಯನಗರದ ಮನೆ ಬಿಟ್ಟು ಜರ್ಮನಿಯ ಹ್ಯಾನೋವರ್‌ಗೆ ಬರುತ್ತಿರುವುದಾಗಿ ಬರೆದಿದ್ದೀರಿ. ಗಂಡಹೆಂಡಿರಿಬ್ಬರೂ ದಿನವೂ ಲಾಲ್‌ಬಾಗಿನಲ್ಲಿ ಓಡುವವರು, ರಜೆ ಸಿಕ್ಕರೆ ಮಕ್ಕಳೊಂದಿಗೆ ಸಾವನದುರ್ಗ ಹತ್ತುವವರು. ಇಂಥ ಮನೆಗೆ ಬೇಟೆನಾಯಿ ತಳಿಗಳಲ್ಲಿ ವಿಜ್ಲಾ ಸರಿಯೋ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಸರಿಯೋ, ಮರಿಯನ್ನು ಬೆಂಗಳೂರಿನಲ್ಲೇ ಕೊಂಡು ಜೊತೆಗೆ ತರಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಬಸವನಗುಡಿಯಿಂದ ಇಲ್ಲಿಗೆ ಬಂದು ಹದಿನೇಳು ವರ್ಷಗಳಾದವು. ಒಂಬತ್ತು ವರ್ಷದ ಹೆಣ್ಣು ವಿಜ್ಲಾವೊಂದು ನಮ್ಮ ಮನೆಯಲ್ಲಿದೆ. ನನ್ನ ಉತ್ತರ ವಿಜ್ಲಾ ಎಂದೇ. ಆದರೆ ಇಲ್ಲಿ ಒಂದು ವರ್ಷ ಕಳೆದ ಮೇಲೆ, ಇಲ್ಲಿಯ ಮರಿಯನ್ನೇ ತನ್ನಿ.

ಅಲ್ಲಿಂದ ತರುವುದು ಬೇಡವೆನ್ನಲು ಕಾರಣವಿದೆ. ಭಾರತದಿಂದ ಐರೋಪ್ಯ ಒಕ್ಕೂಟಕ್ಕೆ ಬರುವ ನಾಯಿಗೆ ಮೈಕ್ರೋಚಿಪ್ ಹಾಕಿಸಿ, ಹನ್ನೆರಡು ವಾರ ತುಂಬಿದ ಮೇಲೆ ರೇಬಿಸ್ ಲಸಿಕೆ ಕೊಡಿಸಿ, ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಸಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಅಂದರೆ ಮರಿ ವಿಮಾನ ಹತ್ತುವ ಹೊತ್ತಿಗೆ ಅದಕ್ಕೆ ಏಳು ತಿಂಗಳಾಗಿರುತ್ತದೆ. ಮನುಷ್ಯರನ್ನೂ ಮನೆಯನ್ನೂ ನಂಬಲು ಕಲಿಯುವ ಆ ತಿಂಗಳುಗಳನ್ನು ಅದು ನಿಮ್ಮಿಂದ ದೂರದಲ್ಲಿ ಕಳೆಯುವುದು ನನಗೆ ಸರಿಕಾಣುವುದಿಲ್ಲ.

ನಿಮ್ಮ ಅಜ್ಜನವರು ಜಮಖಂಡಿಯಲ್ಲಿ ಮುಧೋಳ ನಾಯಿ ಸಾಕಿದ್ದರೆಂದು ಬರೆದಿದ್ದೀರಲ್ಲ, ಆ ಅನುಭವ ಇಲ್ಲಿ ದಾರಿ ತಪ್ಪಿಸಬಹುದು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುತ್ತದೆ. ಮೊಲ ಕಂಡರೆ ಬಾಣದಂತೆ ಓಡಿ, ಬಂದು ನೆರಳಿನಲ್ಲಿ ಮಲಗುತ್ತದೆ. ವಿಜ್ಲಾ ಮತ್ತು ಪಾಯಿಂಟರ್ ಮೂಗಿನಿಂದ ಬೇಟೆಯಾಡುವವು. ಬೇಟೆಗಾರನ ಮುಂದೆ ಗಾಳಿಗೆ ಮೂಗೊಡ್ಡಿ ಹೊಲವನ್ನು ಅಡ್ಡಡ್ಡಲಾಗಿ ಗಂಟೆಗಟ್ಟಲೆ ಹುಡುಕಿ, ಹಕ್ಕಿಯ ವಾಸನೆ ಸಿಕ್ಕೊಡನೆ ಮುಂಗಾಲೊಂದನ್ನು ಎತ್ತಿ ಕಲ್ಲಿನಂತೆ ನಿಲ್ಲುವುದು ಇವುಗಳ ಕೆಲಸ. ಆದ್ದರಿಂದ ಇವನ್ನು ದಣಿಸುವುದು ಓಟವಲ್ಲ, ಮೂಗಿನ ದುಡಿಮೆ. ದಿನವೂ ಹತ್ತು ಕಿಲೋಮೀಟರ್ ಜೊತೆಯಲ್ಲಿ ಓಡಿಸಿದರೆ ಅವುಗಳ ಕಸುವು ಇನ್ನಷ್ಟು ಬೆಳೆಯುತ್ತದೆಯೇ ಹೊರತು ಮನಸ್ಸು ತಣಿಯುವುದಿಲ್ಲ. ನೀವು ಓಡುವವರೆಂಬುದು ಒಳ್ಳೆಯದೇ, ಆದರೆ ಎರಡರಲ್ಲಿ ಒಂದನ್ನು ಆರಿಸಲು ಅದು ಅಳತೆಗೋಲಾಗದು.

ಪಾಯಿಂಟರನ್ನು ಇಲ್ಲಿಯವರು ಡಾಯ್ಚ್ ಕುರ್ಟ್ಸ್‌ಹಾರ್ ಎನ್ನುತ್ತಾರೆ. ಕವುಜುಗ ಹಕ್ಕಿಯನ್ನು ತೋರಿಸಲು, ನೀರಿಗೆ ಬಿದ್ದ ಬಾತುಕೋಳಿಯನ್ನು ತರಲು, ಗಾಯಗೊಂಡ ಜಿಂಕೆಯ ರಕ್ತದ ಜಾಡು ಹಿಡಿಯಲು, ನರಿಯನ್ನು ಎದುರಿಸಲು ಒಂದೇ ನಾಯಿ ಸಾಕಾಗಬೇಕೆಂದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಬೇಟೆಗಾರರು ರೂಪಿಸಿದ ತಳಿಯಿದು. ನಾಯಿಯ ಆಕಾರವನ್ನು ಅದರ ಕೆಲಸವೇ ನಿರ್ಧರಿಸಬೇಕೆಂದು ವಾದಿಸಿದ ರಾಜಕುಮಾರ ಆಲ್ಬ್ರೆಕ್ಟ್ ಸೋಲ್ಮ್ಸ್-ಬ್ರೌನ್‌ಫೆಲ್ಸ್ ಅವರ ಹೆಸರಿನ ಪರೀಕ್ಷೆಯನ್ನು ಈ ತಳಿಯ ನಾಯಿಗಳು ಇಂದಿಗೂ ಓಡಿ ಈಜಿ ಹುಡುಕಿ ಮುಗಿಸುತ್ತವೆ. ಹೀಗಾಗಿಯೇ ಈ ತಳಿಯ ಸಂಘಕ್ಕೆ ಸೇರಿದ ಬಹುಪಾಲು ಸಾಕಣೆದಾರರು ಬೇಟೆಯ ಪರವಾನಗಿ ಇದ್ದವರಿಗೆ ಮಾತ್ರ ಮರಿ ಕೊಡುತ್ತಾರೆ. ಇದನ್ನು ಪರದೇಶದವರೆಂಬ ತಾತ್ಸಾರವೆಂದು ದಯವಿಟ್ಟು ಭಾವಿಸಬೇಡಿ. ನಾಯಿಗೆ ಅದರ ಕೆಲಸ ಸಿಗಲೆಂಬ ಕಾಳಜಿಯಿದು, ಮತ್ತು ಅವರ ಮಾತು ನಿಜ. ಬೇಟೆಗಾರರಾದ ನಮ್ಮ ನೆರೆಯವರು ಕಾಲು ಮುರಿದುಕೊಂಡಿದ್ದಾಗ ಅವರ ಗಂಡು ಕುರ್ಟ್ಸ್‌ಹಾರನ್ನು ಎರಡು ವಾರ ನಾನು ದಿನಕ್ಕೆ ಎರಡು ಗಂಟೆ ಐಲೆನ್‌ರೀಡೆ ಕಾಡಿನಲ್ಲಿ ಸುತ್ತಿಸಿದೆ. ಯಜಮಾನನೊಡನೆ ಬೇಟೆಗೆ ಹೋಗಿ ಬಂದ ಸಂಜೆ ಕರುವಿನಂತೆ ಮಲಗುತ್ತಿದ್ದ ಆ ನಾಯಿ, ನಾನು ಸುತ್ತಿಸಿ ತಂದ ಮೇಲೂ ಬಾಗಿಲಿಂದ ಕಿಟಕಿಗೆ ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ಇತ್ತು. ಬೆಕ್ಕು ಸಾಕಿರುವವರ ಅಕ್ಕಪಕ್ಕದಲ್ಲಿದ್ದರೆ ಅದರ ನರಿ ಹಿಡಿಯುವ ಚುರುಕು ಇನ್ನೊಂದು ಚಿಂತೆ.

ವಿಜ್ಲಾ ಹಂಗೇರಿಯ ಬಯಲಿನ ನಾಯಿ. ಎತ್ತರದಲ್ಲಿ ಗಂಡು 58ರಿಂದ 64 ಸೆಂಟಿಮೀಟರ್, ಹೆಣ್ಣು 54ರಿಂದ 60. ಕುರ್ಟ್ಸ್‌ಹಾರ್‌ಗಿಂತ ತುಸು ಹಗುರ. ಬೇಟೆಯಲ್ಲಿಯೂ ಅದು ಬಹಳ ದೂರ ಹೋಗದೆ, ಮತ್ತೆ ಮತ್ತೆ ತಿರುಗಿ ಮನುಷ್ಯನ ಮುಖ ನೋಡುತ್ತದೆ. ಈ ಗುಣವೇ ಮಕ್ಕಳಿರುವ ಮನೆಗೆ ಅದನ್ನು ಹತ್ತಿರವಾಗಿಸುತ್ತದೆ, ಈ ಗುಣವೇ ಕಷ್ಟಕ್ಕೂ ಕಾರಣ. ಗದರಿದರೆ ಅದು ಮುದುಡಿಕೊಳ್ಳುತ್ತದೆ. ಒಂಟಿಯಾಗಿ ಬಿಟ್ಟರೆ ಸಹಿಸುವುದಿಲ್ಲ. ಮೊದಲ ಚಳಿಗಾಲದಲ್ಲಿ ನಾವು ಅದನ್ನು ನಾಲ್ಕೂವರೆ ಗಂಟೆ ಬಿಟ್ಟು ಹೋಗಿ ಬಂದಾಗ ಬಾಗಿಲ ಚೌಕಟ್ಟು ಕಚ್ಚಿ ಸೀಳಿತ್ತು, ಒಸಡಿನಲ್ಲಿ ರಕ್ತವಿತ್ತು. ತಪ್ಪು ಪೂರ್ತಿಯಾಗಿ ನಮ್ಮದು. ಎರಡು ನಿಮಿಷದಿಂದ ಆರಂಭಿಸಿ ಎರಡು ಗಂಟೆ ಒಂಟಿಯಾಗಿರಲು ಕಲಿಸುವುದಕ್ಕೆ ಐದು ತಿಂಗಳು ಹಿಡಿಯಿತು. ಒಳಗೂದಲಿಲ್ಲದ ಮೈಯಾದ್ದರಿಂದ ಕೊರೆಯುವ ಚಳಿಯಲ್ಲಿ ಅದಕ್ಕೆ ಅಂಗಿಯೂ ಬೇಕು.

ಆದ್ದರಿಂದ ದಿನಕ್ಕೆ ಎಷ್ಟು ಹೊತ್ತು ಯಾರಾದರೊಬ್ಬರು ಮನೆಯಲ್ಲಿರುತ್ತೀರಿ ಎಂದು ಮೊದಲು ಲೆಕ್ಕ ಹಾಕಿ. ಹೊಸ ಕೆಲಸ, ಮಕ್ಕಳಿಗೆ ಹೊಸ ಭಾಷೆಯ ಶಾಲೆ, ಬಾಡಿಗೆ ಮನೆಯ ಹುಡುಕಾಟ ಇವೆಲ್ಲ ಮೊದಲ ವರ್ಷದಲ್ಲೇ ಬರುತ್ತವೆ. ನಾಯಿ ಬೆಕ್ಕುಗಳನ್ನು ಸಾರಾಸಗಟಾಗಿ ನಿಷೇಧಿಸುವ ಅಚ್ಚುಮಾದರಿಯ ಬಾಡಿಗೆ ಕರಾರು ಸಲ್ಲದೆಂದು ಇಲ್ಲಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲಿ ತೀರ್ಪು ಕೊಟ್ಟಿದೆಯಾದರೂ, ಹೇಳದೆ ಕೇಳದೆ ತರಬಹುದೆಂದು ಅದರ ಅರ್ಥವಲ್ಲ. ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ನಮ್ಮ ನೀಡರ್‌ಸಾಕ್ಸನ್ ರಾಜ್ಯದಲ್ಲಿ ಹೊಸದಾಗಿ ನಾಯಿ ಸಾಕುವವರು, ನಾಯಿ ತರುವ ಮೊದಲೇ ಲಿಖಿತ ಪರೀಕ್ಷೆಯನ್ನೂ ತಂದ ಒಂದು ವರ್ಷದೊಳಗೆ ಪ್ರಾಯೋಗಿಕ ಪರೀಕ್ಷೆಯನ್ನೂ ಮುಗಿಸಬೇಕು. ಹೊಣೆಗಾರಿಕೆ ವಿಮೆ, ನೋಂದಣಿ, ನಗರಕ್ಕೆ ಕಟ್ಟುವ ನಾಯಿ ತೆರಿಗೆ ಇವೂ ಇವೆ. ಏಪ್ರಿಲ್ 1ರಿಂದ ಜುಲೈ 15ರವರೆಗೆ ಕಾಡುಪ್ರಾಣಿಗಳ ಮರಿಗಳ ಕಾಲವಾದ್ದರಿಂದ ಕಾಡು ಹೊಲಗಳಲ್ಲಿ ನಾಯಿಯನ್ನು ಹಗ್ಗ ಕಳಚಿ ಬಿಡುವಂತಿಲ್ಲ. ಆ ತಿಂಗಳುಗಳಲ್ಲಿ ನಾನು ಹತ್ತು ಮೀಟರ್ ಹಗ್ಗ ಹಿಡಿದು, ಹುಲ್ಲಿನಲ್ಲಿ ಬಚ್ಚಿಟ್ಟ ಬಟ್ಟೆಯ ಗಂಟುಗಳನ್ನು ಹುಡುಕಿಸುತ್ತೇನೆ. ಇಪ್ಪತ್ತು ನಿಮಿಷದ ಆ ಹುಡುಕಾಟದಿಂದ ಸಿಗುವ ಶಾಂತಿ ಒಂದು ಗಂಟೆಯ ಓಟದಿಂದ ಸಿಗುವುದಿಲ್ಲ.

ನಿಮ್ಮ ತಾಯಿಯವರು ಬೇಸಿಗೆಯಲ್ಲಿ ಬಂದಾಗ ದೇವರ ಮನೆಯ ಮಡಿಗೆ ಏನಾಗುವುದೋ ಎಂದು ಕೇಳಿದ್ದಾರಂತೆ. ನಮ್ಮ ತಾಯಿಯವರೂ ಹಾಗೆಯೇ ಕೇಳಿದ್ದರು. ಹೊಸಿಲು ದಾಟಬಾರದೆಂದು ವಿಜ್ಲಾಕ್ಕೆ ಒಂದು ವಾರದಲ್ಲಿ ಕಲಿಸಬಹುದು. ಪೂಜೆ ಮುಗಿಯುವವರೆಗೂ ಅದು ಹೊಸಿಲಿನಾಚೆ ಗದ್ದವೂರಿ ಕಾಯುತ್ತಿರುತ್ತದೆ.

ಜನವರಿಯಲ್ಲಿ ನಾವು ಮೂರು ವಾರ ಬೆಂಗಳೂರಿಗೆ ಹೋಗುತ್ತೇವೆ. ನಿಮ್ಮ ಮನೆ ಮಾಲೀಕರು ಒಪ್ಪಿದರೆ, ನಿಮ್ಮಲ್ಲೊಬ್ಬರು ಹಗಲು ಮನೆಯಲ್ಲಿರಲು ಸಾಧ್ಯವಾದರೆ, ನಮ್ಮ ನಾಯಿಯನ್ನು ಆ ಮೂರು ವಾರ ನಿಮ್ಮಲ್ಲಿ ಬಿಡಲು ನಾನು ಸಿದ್ಧ. ಅದಕ್ಕೂ ಮೊದಲು ಅಕ್ಟೋಬರಿನ ಯಾವುದಾದರೂ ಭಾನುವಾರ ಮಕ್ಕಳನ್ನು ಕರೆದುಕೊಂಡು ಐಲೆನ್‌ರೀಡೆಗೆ ಬನ್ನಿ. ಬಟ್ಟೆಯ ಗಂಟನ್ನು ಬಚ್ಚಿಡುವ ಕೆಲಸ ಅವರಿಗೇ ಇರಲಿ.